ಮಲಗಿದ ಹಲಗೆ ಏಳದಿದ್ದಾಗ

ನಿದ್ದೆ ಮಾಡುವವನನ್ನು ಎಬ್ಬಿಸಬಹುದು, ನಿದ್ದೆ ಬಂದವನಂತೆ ನಟಿಸುವವನನ್ನು ಎಬ್ಬಿಸಲಾಗದು ಎಂದು ನಮ್ಮ ಹಿರಿಯರು ಹೇಳುವುದುಂಟು. ಈಗ ನಮ್ಮ ಮನೆಗಳಿಗೆ ಮೂರನೆಯ ಬಗೆಯದೊಂದು ಬಂದು ಸೇರಿದೆ. ಅದು ನಿಜವಾಗಿಯೇ ಮಲಗುತ್ತದೆ, ಎಬ್ಬಿಸಿದರೆ ಏಳುತ್ತದೆ, ಎದ್ದ ಮರುಕ್ಷಣವೇ ಮೂರ್ಛೆ ಹೋಗುತ್ತದೆ. ಟ್ಯಾಬ್ಲೆಟ್ ಎಂದು ಎಲ್ಲರೂ ಕರೆಯುವ ಹಲಗೆ-ಗಣಕದ ಮಾತನ್ನು ನಾನು ಆಡುತ್ತಿದ್ದೇನೆ.

ಹಲಗೆ ಎಂದೆನೆಂದು ನಗಬೇಡಿ. ಹಲಗೆಯ ಮೇಲೆ ಬರೆಯುವುದು ನಮಗೇನೂ ಹೊಸದಲ್ಲ. ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಟ್ಟೆಗೆ ಬಳಿದು ಒಣಗಿಸಿ, ಅದನ್ನು ಮಡಿಸಿ, ಬಳಪದಿಂದ ಅದರ ಮೇಲೆ ಲೆಕ್ಕ ಬರೆಯುತ್ತಿದ್ದರು ನಮ್ಮ ಪೂರ್ವಿಕರು. ಅದಕ್ಕೆ ಕಡತವೆಂದು ಹೆಸರು. ಕಡತ ಹೋಗಿ ಸ್ಲೇಟು ಬಂದಿತು, ಸ್ಲೇಟು ಹೋಗಿ ಈ ಗಾಜಿನ ಹಲಗೆ ಬಂದಿತು. ವ್ಯತ್ಯಾಸ ಒಂದೇ: ಕಡತಕ್ಕಾಗಲಿ ಸ್ಲೇಟಿಗಾಗಲಿ ನಿದ್ದೆ ಬರುತ್ತಿರಲಿಲ್ಲ.

ನಾನು ಯಂತ್ರಶಾಸ್ತ್ರವನ್ನು ಓದಿದವನಲ್ಲ. ವ್ಯಾಕರಣ, ಛಂದಸ್ಸು, ಹಳಗನ್ನಡ ಕಾವ್ಯ ಇವುಗಳನ್ನು ಓದಿಕೊಂಡು, ಪ್ರೌಢಶಾಲೆಯಲ್ಲಿ ಮಕ್ಕಳಿಗೆ ಸಂಧಿ ಸಮಾಸಗಳನ್ನು ಹೇಳಿಕೊಡುತ್ತ ಐವತ್ತು ದಾಟಿದವನು. ಹೀಗಿದ್ದೂ ಈ ವಿಷಯವನ್ನು ನಿಮ್ಮ ಮುಂದಿಡಲು ಕಾರಣವಾದದ್ದು ಒಂದು ತಪ್ಪು. ಆ ತಪ್ಪು ಯಂತ್ರದ್ದಲ್ಲ, ನನ್ನದು.

ನಮ್ಮದು ಕೊಬ್ಬರಿಗೆ ಹೆಸರಾದ ಸೀಮೆ. ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳು ಕೂಡಿ ಒಂದೇ ಮಾದರಿಯ ಆರು ಟ್ಯಾಬ್ಲೆಟ್ಟುಗಳನ್ನು ಶಾಲೆಗೆ ಕೊಟ್ಟರು. ಬೇಕಾದಾಗ ಸೇರಿಸಿ ಬೇಡವಾದಾಗ ಕಳಚಬಹುದಾದ ಕೀಲಿಮಣೆ. ಒಳಗೆ ವಿಂಡೋಸ್ ಎಂಬ ವ್ಯವಸ್ಥೆ. ಹತ್ತನೆಯ ತರಗತಿಯಲ್ಲಿ ಮನೆಯಲ್ಲಿ ಗಣಕವಿಲ್ಲದ ಮಕ್ಕಳು ಇವನ್ನು ಸಂಜೆ ಕೊಂಡೊಯ್ದು ಬೆಳಗ್ಗೆ ತರಬಹುದೆಂದು ಏರ್ಪಾಟಾಯಿತು. ಮೇಲ್ವಿಚಾರಣೆ ಯಾರದು? ಲೆಕ್ಕದ ಮೇಷ್ಟರು ನಯವಾಗಿ ಜಾರಿಕೊಂಡರು. ವಿಜ್ಞಾನದ ಮೇಷ್ಟರಿಗೆ ಪ್ರಯೋಗಶಾಲೆಯ ಹೊಣೆಯೇ ಸಾಕಾಗಿತ್ತು. ಬೀರುವಿನ ಬೀಗದ ಕೈ ಕೊನೆಗೆ ಕನ್ನಡ ಪಂಡಿತನ ಜೇಬಿಗೆ ಬಂದಿತು.

ಹಲಗೆ ಒಯ್ಯುತ್ತಿದ್ದವರಲ್ಲಿ ಒಬ್ಬಳು ಹುಡುಗಿ. ತಂದೆ ತೆಂಗಿನಕಾಯಿ ಸುಲಿಯುವ ಕೂಲಿ. ತಾಯಿ ಹಳೆಯ ಸೀರೆಯೊಂದನ್ನು ಕತ್ತರಿಸಿ ಹಲಗೆಗೆಂದೇ ಎರಡು ಪದರದ ಚೀಲ ಹೊಲಿದುಕೊಟ್ಟಿದ್ದರು. ತಾಲ್ಲೂಕಿನ ಪ್ರಬಂಧ ಸ್ಪರ್ಧೆಗೆಂದು ಆಕೆ ಅದರಲ್ಲಿ ನಾಲ್ಕು ಪುಟಗಳ ಪ್ರಬಂಧವೊಂದನ್ನು ಬರೆಯುತ್ತಿದ್ದಳು. ಒಂದು ಬೆಳಗ್ಗೆ ತರಗತಿಯಲ್ಲಿ ಹಲಗೆಯನ್ನು ಚೀಲದಿಂದ ತೆಗೆದು ಗುಂಡಿ ಒತ್ತಿದಳು. ಪರದೆ ಬೆಳಗಿತು, ಒಡನೆಯೇ ಇಡಿಯ ಪರದೆ ನೀಲಿಯಾಗಿ, ಅಳುಮೋರೆಯ ಚಿಹ್ನೆಯೊಂದು ಮೂಡಿ, ಹಲಗೆ ತಾನಾಗಿ ಆರಿ ಹೊಸದಾಗಿ ಹೊತ್ತಿಕೊಂಡಿತು. ಹಿಂದಿನ ರಾತ್ರಿ ಬರೆದ ಎರಡು ಪುಟ ಉಳಿದಿರಲಿಲ್ಲ.

"ಮಲಗಿಸಿಯೇ ತಂದೆ ಸಾರ್. ಇಲ್ಲಿ ಗುಂಡಿ ಒತ್ತಿದೆ, ನೀಲಿ ಬಂತು" ಎಂದಳು.

"ಮನೆಯಲ್ಲಿ ಏನೋ ಮಾಡಿದ್ದೀಯೆ. ತಮ್ಮನ ಕೈಗೆ ಕೊಟ್ಟೆಯೇನು? ಬೀಳಿಸಿದೆಯೇನು?" ಎಂದು ಇಡಿಯ ತರಗತಿಯ ಎದುರಿಗೇ ಗದರಿದೆ. ಅವಳು ಮರುಮಾತಾಡಲಿಲ್ಲ. ಹಲಗೆಯನ್ನು ಮೇಜಿನ ಮೇಲಿಟ್ಟಳು. ಅಂದಿನಿಂದ ಅದನ್ನು ಮನೆಗೆ ಒಯ್ಯುವುದನ್ನು ಬಿಟ್ಟಳು.

ಇದಾಗಿ ಒಂದು ವಾರ ಕಳೆದಿರಬಹುದು. ಅದೇ ಹಲಗೆ ಈಗ ನನ್ನ ಬೀರುವಿನಲ್ಲಿತ್ತು. ಕಿರುಪರೀಕ್ಷೆಯ ಅಂಕಗಳನ್ನು ಅದರಲ್ಲಿ ಬರೆದು ಸಂಜೆ ಮಲಗಿಸಿ ಬೀಗ ಹಾಕಿದೆ. ಬೆಳಗ್ಗೆ ಬೀಗ ತೆಗೆದು ಗುಂಡಿ ಒತ್ತಿದೆ. ನೀಲಿ ಪರದೆ, ಅಳುಮೋರೆ. ಮನೆಯಿಲ್ಲ, ತಮ್ಮನಿಲ್ಲ, ಬಿದ್ದದ್ದಿಲ್ಲ. ಬೀರುವಿನ ಬೀಗದ ಕೈ ನನ್ನ ಜೇಬಿನಲ್ಲೇ ಇತ್ತು. ಆ ಹೊತ್ತಿನಲ್ಲಿ ನನಗಾದ ನಾಚಿಕೆಯನ್ನು ವಿವರಿಸಬೇಕಾಗಿಲ್ಲ. ಕಳವಿನ ದೂರು ಕೊಟ್ಟವನ ಅಂಗಿಯಲ್ಲೇ ಮಾಲು ಸಿಕ್ಕಿದಂತಾಯಿತು.

ಅಂದಿನಿಂದ ಈ ನಿದ್ದೆಯ ವಿಚಾರವನ್ನು ತಿಳಿಯಲು ಹೊರಟೆ. ತಿಳಿದುದನ್ನು ನಿಮಗೂ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಮಗುವೊಂದು ಇಂಥ ಹಲಗೆಯನ್ನು ಹಿಡಿದು ಅಪರಾಧಿಯಂತೆ ನಿಂತಿದ್ದೀತು.

ಗಣಕದ ನಿದ್ದೆ ಒಂದೇ ಬಗೆಯದಲ್ಲ. ೧೯೯೬ರ ಡಿಸೆಂಬರಿನಲ್ಲಿ ಇಂಟೆಲ್, ಮೈಕ್ರೋಸಾಫ್ಟ್, ತೋಷಿಬಾ ಎಂಬ ಮೂರು ಸಂಸ್ಥೆಗಳು ಕೂಡಿ ಈ ನಿದ್ದೆಗೊಂದು ವ್ಯಾಕರಣವನ್ನೇ ಬರೆದುವು. ಅದನ್ನು ಎಸಿಪಿಐ ಎನ್ನುತ್ತಾರೆ. ನಮ್ಮಲ್ಲಿ ಜಾಗ್ರತ್, ಸ್ವಪ್ನ, ಸುಷುಪ್ತಿ ಎಂದು ಅವಸ್ಥೆಗಳನ್ನು ಎಣಿಸಿದಂತೆ ಅವರು ಎಸ್ ಸೊನ್ನೆಯಿಂದ ಎಸ್ ಐದರವರೆಗೆ ಎಣಿಸಿದರು. ಎಸ್ ಸೊನ್ನೆ ಎಂದರೆ ಪೂರ್ಣ ಎಚ್ಚರ. ಎಸ್ ಐದು ಎಂದರೆ ಪೂರ್ತಿ ಆರಿದ ಸ್ಥಿತಿ. ನಡುವಣವೆಲ್ಲ ನಿದ್ದೆಯ ಬಗೆಗಳು. ಅವುಗಳಲ್ಲಿ ಎರಡನ್ನು ತಿಳಿದರೆ ನಮಗೆ ಸಾಕು.

ಮೊದಲನೆಯದು ಎಸ್ ಮೂರು. ಇದರಲ್ಲಿ ಮಿದುಳಿನಂತಿರುವ ಪ್ರೊಸೆಸರು ಆರುತ್ತದೆ, ಪರದೆ ಆರುತ್ತದೆ. ನೆನಪಿನ ಚಿಪ್ಪುಗಳಿಗೆ ಮಾತ್ರ ಒಂದಿಷ್ಟು ವಿದ್ಯುತ್ತು ಹರಿಯುತ್ತಿರುತ್ತದೆ. ಏಕೆ ಹರಿಯಬೇಕು? ಇದೊಂದು ಸ್ವಾರಸ್ಯದ ಸಂಗತಿ. ಇಂದಿನ ಗಣಕಗಳ ನೆನಪು ಡಿರ್ಯಾಮ್ ಎಂಬ ಬಗೆಯದು. ೧೯೬೬ರಲ್ಲಿ ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ ಎಂಬವರು ಇದರ ಸರಳರೂಪವನ್ನು ಕಂಡುಹಿಡಿದರು. ೧೯೬೮ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು. ಒಂದೊಂದು ಬಿಂದುವನ್ನೂ ಒಂದು ಪುಟ್ಟ ವಿದ್ಯುತ್ ಕೊಡದಲ್ಲಿ ತುಂಬಿಡುವುದು ಅವರ ಯುಕ್ತಿ. ಆದರೆ ಆ ಕೊಡ ಸೋರುತ್ತದೆ. ಸೋರಿ ಬರಿದಾಗುವ ಮೊದಲೇ ಮತ್ತೆ ಮತ್ತೆ ತುಂಬುತ್ತಿರಬೇಕು. ಸಾಮಾನ್ಯವಾಗಿ ೬೪ ಮಿಲಿಸೆಕೆಂಡಿಗೊಮ್ಮೆ, ಎಂದರೆ ಸೆಕೆಂಡಿಗೆ ಹದಿನೈದು ಸಲಕ್ಕೂ ಮಿಗಿಲಾಗಿ, ಎಲ್ಲ ಕೊಡಗಳನ್ನೂ ತುಂಬಿಯಾಗಬೇಕು. ನಂದಾದೀಪಕ್ಕೆ ಎಣ್ಣೆ ಹೊಯ್ಯುವವನು ರಾತ್ರಿಯೂ ಕೂತಿರುವಂತೆ, ನಿದ್ದೆಯಲ್ಲೂ ಈ ಕೆಲಸ ನಡೆಯುತ್ತಿರುತ್ತದೆ.

ಎರಡನೆಯದು ಎಸ್ ನಾಲ್ಕು, ಹೈಬರ್ನೇಟ್. ಇದರಲ್ಲಿ ನೆನಪಿನಲ್ಲಿದ್ದುದನ್ನೆಲ್ಲ ಒಳಗಿನ ಸಂಗ್ರಹಕ್ಕೆ ಬರೆದಿಟ್ಟು ಗಣಕ ಪೂರ್ತಿ ಆರುತ್ತದೆ. ಎದ್ದಾಗ ಬರೆದುದನ್ನು ಮತ್ತೆ ಓದಿಕೊಳ್ಳುತ್ತದೆ. ಇದನ್ನು ಕುಂಭಕರ್ಣನ ನಿದ್ದೆ ಎನ್ನೋಣ.

ಹಲಗೆ-ಗಣಕಗಳ ಕಾಲ ಬಂದ ಮೇಲೆ ಇನ್ನೊಂದು ಬಗೆ ಸೇರಿತು. ೨೦೧೨ರಲ್ಲಿ ಬಂದ ವಿಂಡೋಸ್ ಎಂಟರಲ್ಲಿ ಇದು ಮೊದಲು ಕಾಣಿಸಿತು. ೨೦೧೫ರ ವಿಂಡೋಸ್ ಹತ್ತರಲ್ಲಿ ಮಾಡರ್ನ್ ಸ್ಟ್ಯಾಂಡ್‌ಬೈ ಎಂಬ ಹೆಸರು ಪಡೆಯಿತು. ಇದರಲ್ಲಿ ಪರದೆ ಆರಿದ್ದರೂ ಗಣಕ ಪೂರ್ತಿ ಮಲಗುವುದಿಲ್ಲ. ಆಗಾಗ ಅರೆಗಣ್ಣು ತೆರೆದು ಅಂಚೆ ಬಂದಿದೆಯೇ ಎಂದು ನೋಡಿ ಮತ್ತೆ ಕಣ್ಣು ಮುಚ್ಚುತ್ತದೆ. ನಮ್ಮ ಭಾಷೆಯಲ್ಲಿ ಇದಕ್ಕೆ ಸೊಗಸಾದ ಮಾತಿದೆ, ಕೋಳಿನಿದ್ದೆ. ಬಹಳ ಹೊತ್ತು ಬಿಟ್ಟರೆ, ಅಥವಾ ಬ್ಯಾಟರಿ ಇಳಿದರೆ, ಅನೇಕ ಹಲಗೆಗಳಲ್ಲಿ ಈ ಕೋಳಿನಿದ್ದೆ ತಾನಾಗಿಯೇ ಕುಂಭಕರ್ಣನ ನಿದ್ದೆಯಾಗಿ ಮಾರ್ಪಡುತ್ತದೆ. ಆದುದರಿಂದ ಅರ್ಧ ಗಂಟೆ ಮಲಗಿದ್ದ ಹಲಗೆಯೂ ರಾತ್ರಿಯೆಲ್ಲ ಮಲಗಿದ್ದ ಹಲಗೆಯೂ ಒಂದೇ ಬಗೆಯಲ್ಲಿ ಏಳುವುದಿಲ್ಲ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಏಳುವಾಗಲೇ ಏಕೆ ತೊಂದರೆ? ನಮ್ಮ ಶಾಲೆಯ ಬೆಳಗಿನ ಗಂಟೆಯನ್ನು ನೆನೆಯಿರಿ. ಗಂಟೆ ಹೊಡೆದೊಡನೆ ಒಂದೊಂದು ತರಗತಿಯ ಮುಖಂಡನೂ ಮುಖ್ಯೋಪಾಧ್ಯಾಯರಿಗೆ "ನಮ್ಮ ತರಗತಿ ಸಿದ್ಧ ಸಾರ್" ಎಂದು ಒಪ್ಪಿಸಬೇಕು. ಗಣಕದಲ್ಲೂ ಹಾಗೆಯೇ. ಗುಂಡಿ ಒತ್ತಿದೊಡನೆ ವ್ಯವಸ್ಥೆಯು ಪರದೆ, ಧ್ವನಿ, ವೈ-ಫೈ, ಕ್ಯಾಮೆರಾ, ಕೀಲಿಮಣೆ ಇವೆಲ್ಲಕ್ಕೂ ಎದ್ದು ಬಲ ತುಂಬಿಕೊಳ್ಳಿ ಎಂದು ಅಪ್ಪಣೆ ಕಳುಹುತ್ತದೆ. ಒಂದೊಂದು ಅಂಗಕ್ಕೂ ಅದನ್ನು ನಡೆಸುವ ಪುಟ್ಟ ತಂತ್ರಾಂಶವೊಂದಿದೆ. ಅದರ ಹೆಸರು ಡ್ರೈವರ್. ಬಸ್ಸಿನ ಡ್ರೈವರಲ್ಲ, ಸಾರಥಿ ಎನ್ನಿ. ಎಲ್ಲ ಸಾರಥಿಗಳೂ "ಸಿದ್ಧ" ಎಂದರೆ ಹಲಗೆ ಎದ್ದಿತು. ಒಬ್ಬ ಸಾರಥಿ ಮಾತ್ರ ಉತ್ತರ ಕೊಡಲಿಲ್ಲವೆನ್ನಿ. ವ್ಯವಸ್ಥೆ ಸ್ವಲ್ಪ ಹೊತ್ತು ಕಾಯುತ್ತದೆ, ಆಮೇಲೆ ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ಕನ್ನಡದ ಭಾರತವನ್ನು ಕೇಳಿದವರಿಗೆ ಗೊತ್ತು, ಶಲ್ಯನು ರಥ ಬಿಟ್ಟು ಇಳಿದು ಹೋದ ಮೇಲೆ ಕರ್ಣನ ಪರಾಕ್ರಮವೆಲ್ಲ ಏನಾಯಿತೆಂದು.

ಒಬ್ಬ ಸಾರಥಿ ತಪ್ಪಿದರೆ ಇಡೀ ಗಣಕವನ್ನೇ ಏಕೆ ನಿಲ್ಲಿಸಬೇಕೆಂದು ನೀವು ಕೇಳಬಹುದು. ಈ ಡ್ರೈವರುಗಳು ಬಹುಮಟ್ಟಿಗೆ ವ್ಯವಸ್ಥೆಯ ಗರ್ಭಗುಡಿಯಲ್ಲೇ ಕೆಲಸ ಮಾಡುತ್ತವೆ. ಅಲ್ಲಿ ದಾರಿ ತಪ್ಪಿದ್ದು ಮುಂದುವರಿದರೆ ನಿಮ್ಮ ಕಾಗದಪತ್ರಗಳನ್ನೇ ಕೆಡಿಸೀತು. ಅದಕ್ಕಿಂತ ನಿಲ್ಲಿಸುವುದೇ ಮೇಲೆಂದು ನಿಲ್ಲಿಸುತ್ತಾರೆ. ಎಂದಮೇಲೆ ನೀಲಿ ಪರದೆ ರೋಗವಲ್ಲ; ರೋಗವನ್ನು ತಿಳಿಸುವ ಜ್ವರ. ೨೦೧೫ರ ವಿಂಡೋಸ್ ಹತ್ತರಲ್ಲಿ ಆ ಪರದೆ ನೀಲಿ. ವಿಂಡೋಸ್ ಹನ್ನೊಂದರಲ್ಲಿ ೨೦೨೫ರಲ್ಲಿ ಅದನ್ನು ಕಪ್ಪು ಮಾಡಿದ್ದಾರೆ. ಬಣ್ಣ ಯಾವುದಾದರೇನು, ಅದರ ಕೆಳಗೆ ಬರುವ ಇಂಗ್ಲಿಷ್ ಪದಗಳನ್ನು ಬರೆದಿಟ್ಟುಕೊಳ್ಳಿ. ವೈದ್ಯನಿಗೆ ನಾಡಿ ಸಿಕ್ಕಿದ ಹಾಗೆ.

ಇಷ್ಟು ತಿಳಿದ ಮೇಲೆ ಆ ಹುಡುಗಿಯನ್ನು ಕರೆದೆ. "ಅಮ್ಮಾ, ನನ್ನ ಕೈಯಲ್ಲೂ ಹಾಗೇ ಆಯಿತು. ನಾನು ಗದರಿದ್ದು ತಪ್ಪು. ಇದನ್ನು ಇಬ್ಬರೂ ಕೂಡಿ ಪತ್ತೆ ಹಚ್ಚೋಣ" ಎಂದು ಇನ್ನೂರು ಪುಟದ ಒಂದು ನೋಟ್‌ಬುಕ್ಕು ಕೊಟ್ಟೆ. ಯಾವಾಗ ಮಲಗಿಸಿದೆ, ಎಲ್ಲಿ, ಯಾವಾಗ ಎಬ್ಬಿಸಿದೆ, ಎಲ್ಲಿ, ಎದ್ದಿತೇ ಬಿದ್ದಿತೇ, ಪರದೆಯ ಮೇಲೆ ಏನು ಬಂದಿತು: ಇಷ್ಟು ಅಂಕಣ. ಬಳಿಕ ಹಲಗೆ ಒಯ್ಯುವ ಉಳಿದ ಮಕ್ಕಳನ್ನೂ ಕರೆದು, ಗದರುವುದಿಲ್ಲವೆಂದು ಮೊದಲೇ ಮಾತು ಕೊಟ್ಟು, ನಿಮ್ಮ ಹಲಗೆಗಳು ಹೇಗಿವೆ ಎಂದು ಕೇಳಿದೆ. ಇಬ್ಬರು ಮುಖ ಮುಖ ನೋಡಿಕೊಂಡರು. ಅವರ ಹಲಗೆಗಳಿಗೂ ಹೀಗೇ ಆಗುತ್ತಿತ್ತು! ಏಕೆ ಹೇಳಲಿಲ್ಲವೆಂದರೆ, "ಅವಳಿಗೆ ಬೈದಿರಲ್ಲ ಸಾರ್" ಎಂದರು.

ಈ ಉಪನ್ಯಾಸದಲ್ಲಿ ನೀವು ಒಂದೇ ಮಾತನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಮೂರು ಹಲಗೆಗಳಲ್ಲಿ ಒಂದೇ ರೋಗ ಎಂಬುದು ಮೊದಲ ವಾರವೇ ತಿಳಿದಿದ್ದರೆ, ದೋಷ ಒಂದು ಮಗುವಿನದಲ್ಲ, ಆ ಮಾದರಿಯದೇ ಎಂದು ಯಾರು ಬೇಕಾದರೂ ಹೇಳಬಹುದಾಗಿತ್ತು. ಅದು ತಿಳಿಯದಂತೆ ಮಾಡಿದವನು ನಾನು. ಗದರಿಕೆ ಸಾಕ್ಷಿಯ ಬಾಯಿ ಕಟ್ಟುತ್ತದೆ.

ಎರಡು ವಾರ ಕಳೆದ ಮೇಲೆ ನೋಟ್‌ಬುಕ್ಕು ಬಂದಿತು. ಹುಡುಗಿ ನಾನು ಕೇಳಿದುದಕ್ಕಿಂತ ಹೆಚ್ಚು ಬರೆದಿದ್ದಳು. ಹನ್ನೆರಡು ಶಾಲಾದಿನಗಳಲ್ಲಿ ಐದು ದಿನ ಹಲಗೆ ಬಿದ್ದಿತ್ತು. ಐದೂ ಸಲ ಬೆಳಗ್ಗೆ, ಶಾಲೆಯಲ್ಲಿ, ಮೊದಲ ಸಲ ಎಬ್ಬಿಸಿದಾಗ. ಸಂಜೆ ಮನೆಯಲ್ಲಿ ಎಬ್ಬಿಸಿದಾಗ ಒಮ್ಮೆಯೂ ಬಿದ್ದಿರಲಿಲ್ಲ. ಪರದೆಯ ಮೇಲಿನ ಪದಗಳನ್ನು ಐದು ಸಲವೂ ಒಂದೊಂದೇ ಅಕ್ಷರವಾಗಿ ಇಳಿಸಿಕೊಂಡಿದ್ದಳು: ಡ್ರೈವರ್ ಪವರ್ ಸ್ಟೇಟ್ ಫೈಲ್ಯೂರ್. ಮಲಗಿ ಏಳುವಾಗ ಸಾರಥಿಯೊಬ್ಬ ತನ್ನ ಕೆಲಸ ಮುಗಿಸಲಿಲ್ಲವೆಂದು ಇದರ ಅರ್ಥ.

ಯಾವ ಸಾರಥಿ? ಸಂಜೆಯದು ಅರ್ಧ ಗಂಟೆಯ ನಿದ್ದೆ, ಬೆಳಗಿನದು ರಾತ್ರಿಯ ನಿದ್ದೆ. ಹಾಗಾದರೆ ಉದ್ದನೆಯ ನಿದ್ದೆಯೇ ಕಾರಣವೇ? "ಅಲ್ಲ ಸಾರ್, ಭಾನುವಾರ ನೋಡಿ" ಎಂದು ಹುಡುಗಿ ಪುಟ ತಿರುವಿದಳು. ಎರಡು ಭಾನುವಾರಗಳಲ್ಲೂ ರಾತ್ರಿಯೆಲ್ಲ ಮಲಗಿದ್ದ ಹಲಗೆಯನ್ನು ಬೆಳಗ್ಗೆ ಮನೆಯಲ್ಲೇ ಎಬ್ಬಿಸಿದ್ದಳು, ಸರಿಯಾಗಿಯೇ ಎದ್ದಿತ್ತು. ಭಾನುವಾರದ ಲೆಕ್ಕವನ್ನು ನಾನು ಕೇಳಿಯೇ ಇರಲಿಲ್ಲ. ಮನೆಗೂ ಶಾಲೆಗೂ ಏನು ವ್ಯತ್ಯಾಸ? ಅವರ ಮನೆಯಲ್ಲಿ ವೈ-ಫೈ ಇಲ್ಲ, ಶಾಲೆಯಲ್ಲಿದೆ. ಉದ್ದನೆಯ ನಿದ್ದೆಯೂ ವೈ-ಫೈಯೂ ಕೂಡಿದಲ್ಲಿ ಬೀಳುತ್ತದೆ ಎಂಬ ಊಹೆ ಹುಟ್ಟಿತು.

ಊಹೆಯನ್ನು ಪರೀಕ್ಷಿಸಬೇಕಲ್ಲವೆ? ಒಂದು ಸಲಕ್ಕೆ ಒಂದೇ ಬದಲಾವಣೆ, ಇದು ಪರೀಕ್ಷೆಯ ಮೊದಲ ನಿಯಮ. ಒಂದೇ ದಿನ ನಾಲ್ಕು ಔಷಧ ಕುಡಿದವನಿಗೆ ಯಾವುದರಿಂದ ಗುಣವಾಯಿತೆಂದು ತಿಳಿಯದು. ಹಲಗೆಯನ್ನು ಮಲಗಿಸುವ ಮುನ್ನ ವಿಮಾನದ ಚಿತ್ರವಿರುವ ಗುಂಡಿಯನ್ನು ಒತ್ತಿ ವೈ-ಫೈಯನ್ನು ಆರಿಸುವುದು, ಬೇರೇನೂ ಮಾಡಕೂಡದು ಎಂದು ಗೊತ್ತುಮಾಡಿದೆವು. ಆರು ದಿನ ಒಮ್ಮೆಯೂ ಬೀಳಲಿಲ್ಲ. ಏಳನೆಯ ದಿನ ಹಳೆಯ ರೀತಿಗೆ ಮರಳಿದೆವು. ಮೂರನೆಯ ಬೆಳಗ್ಗೆ ಮತ್ತೆ ನೀಲಿ. ಸುಖವಾಗಿ ಇರುವಾಗ ಹಿಂದಿನ ರೀತಿಗೆ ಮರಳುವುದು ಹುಚ್ಚೆಂದು ತೋರಬಹುದು. ಹಾಗೆ ಮರಳಿ ನೋಡದೆ ಇದ್ದಿದ್ದರೆ ಆರು ದಿನದ ನೆಮ್ಮದಿ ಕಾಕತಾಳೀಯವೋ ಏನೋ ಎಂಬ ಅನುಮಾನ ಉಳಿದೇ ಇರುತ್ತಿತ್ತು.

ಆಮೇಲೆ ಕೆಲಸ ಸುಲಭವಾಯಿತು. ಡಿವೈಸ್ ಮ್ಯಾನೇಜರ್ ಎಂಬಲ್ಲಿ ಹಲಗೆಯ ಅಂಗಾಂಗಗಳೆಲ್ಲದರ ಪಟ್ಟಿ ಇರುತ್ತದೆ. ವೈ-ಫೈ ಅಂಗವನ್ನು ತೆರೆದು ಡ್ರೈವರ್ ಎಂಬ ಹಾಳೆಯನ್ನು ನೋಡಿದರೆ ಅದರ ದಿನಾಂಕವೂ ಆವೃತ್ತಿಯ ಸಂಖ್ಯೆಯೂ ಕಾಣುತ್ತವೆ. ಅಪ್‌ಡೇಟುಗಳ ಚರಿತ್ರೆಯನ್ನು ನೋಡಿದರೆ, ಮೊದಲ ಸಲ ನೀಲಿ ಬಂದುದಕ್ಕೆ ಕೆಲವೇ ದಿನ ಮುಂಚೆ ಹೊಸ ವೈ-ಫೈ ಡ್ರೈವರು ತಾನಾಗಿಯೇ ಬಂದು ಸೇರಿದ್ದಿತು. ರೋಲ್ ಬ್ಯಾಕ್ ಎಂಬ ಗುಂಡಿ ಒತ್ತಿ ಎರಡು ಹಲಗೆಗಳಲ್ಲಿ ಹಿಂದಿನ ಡ್ರೈವರನ್ನೇ ಕರೆತಂದೆವು. ಮೂರನೆಯದರಲ್ಲಿ ಆ ಗುಂಡಿ ಮಂಕಾಗಿತ್ತು, ಎಂದರೆ ಹಿಂದಿನ ಪ್ರತಿ ಉಳಿದಿರಲಿಲ್ಲ. ತಯಾರಕರು ಅಷ್ಟರಲ್ಲಿ ತಿದ್ದಿ ಹೊರಡಿಸಿದ್ದ ಇನ್ನೂ ಹೊಸದನ್ನು ಅದಕ್ಕೆ ತಂದು ಹಾಕಿದೆವು. ಅಲ್ಲಿಂದ ಮುಂದೆ ನೋಟ್‌ಬುಕ್ಕಿನ ಒಂದು ತಿಂಗಳ ಪುಟಗಳಲ್ಲಿ "ಎದ್ದಿತು, ಎದ್ದಿತು" ಎಂದಷ್ಟೇ ಇದೆ.

ಡ್ರೈವರು ಬರೆದವರನ್ನೂ ನಾನು ಈಗ ಹಳಿಯುವುದಿಲ್ಲ. ಇಂದ್ರಾಸನ ಬೇಡಲು ಹೋದ ಕುಂಭಕರ್ಣನ ನಾಲಗೆ ತೊಡರಿ ನಿದ್ರಾಸನವೆಂದಿತಂತೆ. ಒಂದಕ್ಷರದ ಆಚೀಚೆಯಲ್ಲಿ ಜನ್ಮವೆಲ್ಲ ನಿದ್ದೆಯಾಯಿತು. ಸಾವಿರಾರು ಸಾಲುಗಳ ತಂತ್ರಾಂಶದಲ್ಲಿ ಅಂಥ ಒಂದಕ್ಷರ ತಪ್ಪುವುದು ಮನುಷ್ಯಸಹಜ. ಮೂವತ್ತು ಜನರ ಕಾಗುಣಿತ ತಿದ್ದುವ ನನಗೆ ಅದು ಚೆನ್ನಾಗಿ ಗೊತ್ತು.

ಈಗ ನಿಮ್ಮ ಮನೆಯ ಹಲಗೆಯ ವಿಚಾರ. ಎಲ್ಲಕ್ಕೂ ಮೊದಲು, ಬೇಕಾದ ಬರಹ, ಚಿತ್ರ, ಧ್ವನಿಗಳ ಪ್ರತಿಯೊಂದನ್ನು ಬೇರೆಡೆ ತೆಗೆದಿಡಿ. ಪರೀಕ್ಷೆ ಆಮೇಲೆ. ಬರೆಯುತ್ತಿರುವುದನ್ನು ಉಳಿಸದೆ ಹಲಗೆಯನ್ನು ಮಲಗಿಸಬೇಡಿ. ಒಲೆಯ ಮೇಲೆ ಹಾಲಿಟ್ಟು ಮಲಗುವುದೂ ಅದೂ ಒಂದೇ.

ಎರಡನೆಯದಾಗಿ, ಹಲಗೆ ನಿಜವಾಗಿ ಬಿದ್ದಿದೆಯೇ, ಪರದೆ ಮಾತ್ರ ಏಳಲಿಲ್ಲವೇ ಎಂದು ನೋಡಿ. ಪರದೆ ಕಪ್ಪಾಗಿದ್ದರೂ ಒಳಗಿನಿಂದ ಸದ್ದು ಬರುತ್ತಿದ್ದರೆ ಚಿತ್ರದ ಡ್ರೈವರಿನ ಮೇಲೆ ಗುಮಾನಿ. ವಿಂಡೋಸ್ ಹಲಗೆಯಲ್ಲಿ ಧ್ವನಿ ಏರಿಸುವ ಮತ್ತು ಇಳಿಸುವ ಗುಂಡಿಗಳೆರಡನ್ನೂ ಒಟ್ಟಿಗೆ, ಎರಡು ಸೆಕೆಂಡಿನೊಳಗೆ ಮೂರು ಸಲ ಒತ್ತಿದರೆ ಆ ಡ್ರೈವರು ಮರಳಿ ಏಳಲು ಅವಕಾಶವಾಗುತ್ತದೆ. ಕೀಲಿಮಣೆಯಿದ್ದರೆ ವಿಂಡೋಸ್, ಕಂಟ್ರೋಲ್, ಶಿಫ್ಟ್, ಬಿ ಈ ನಾಲ್ಕನ್ನೂ ಒಟ್ಟಿಗೆ ಒತ್ತಿ. ಯಾವುದಕ್ಕೂ ಜಗ್ಗದಿದ್ದರೆ ಮಾತ್ರ ವಿದ್ಯುತ್ ಗುಂಡಿಯನ್ನು ಇಪ್ಪತ್ತು ಸೆಕೆಂಡಿನಷ್ಟು ಹೊತ್ತು ಒತ್ತಿ ಹಿಡಿದು ಆರಿಸಬೇಕು. ದಿನವೂ ಹೀಗೆ ಮಾಡುವುದು ಮದ್ದಲ್ಲ.

ಮೂರನೆಯದಾಗಿ, ನಿಮ್ಮ ಹಲಗೆಯದು ಎಂಥ ನಿದ್ದೆ ಎಂದು ತಿಳಿಯಿರಿ. ಹುಡುಕುವ ಚೌಕದಲ್ಲಿ ಸಿ, ಎಂ, ಡಿ ಎಂಬ ಮೂರಕ್ಷರ ಬರೆದರೆ ಕಮ್ಯಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿ ತೆರೆಯುತ್ತದೆ. ಅದರಲ್ಲಿ ಪವರ್ ಎಂಬ ಪದಕ್ಕೆ ಸಿ, ಎಫ್, ಜಿ ಎಂಬ ಅಕ್ಷರಗಳನ್ನು ಬಿಡುವಿಲ್ಲದೆ ಸೇರಿಸಿ ಬರೆದು, ಒಂದು ಬಿಡುವು ಕೊಟ್ಟು, ಓರೆಗೆರೆ ಹಾಕಿ, ಎ ಎಂಬ ಅಕ್ಷರ ಒತ್ತಿ ಎಂಟರ್ ಕೊಡಿ. ಯಾವ ಯಾವ ನಿದ್ದೆ ಉಂಟು, ಯಾವುದು ಇಲ್ಲ ಎಂದು ಪಟ್ಟಿ ಬರುತ್ತದೆ.

ನಾಲ್ಕನೆಯದಾಗಿ, ರಿಲಯಬಿಲಿಟಿ ಎಂದು ಹುಡುಕಿದರೆ ದಿನಚರಿಯಂಥ ನಕ್ಷೆಯೊಂದು ತೆರೆಯುತ್ತದೆ. ಹಲಗೆ ಬಿದ್ದ ದಿನಗಳಲ್ಲಿ ಕೆಂಪು ಗುರುತು. ಹೊಸ ತಂತ್ರಾಂಶ ಸೇರಿದ ದಿನಗಳೂ ಅಲ್ಲೇ ಕಾಣುತ್ತವೆ. ಯಾವುದರ ಹಿಂದೆ ಯಾವುದು ಬಂದಿತು ಎಂಬುದನ್ನು ಅದರಲ್ಲಿ ಓದಬಹುದು. ಘಟನೆಗಳ ಪಟ್ಟಿಯಲ್ಲಿ ಕರ್ನಲ್ ಪವರ್ ೪೧ ಎಂದು ಕಂಡರೆ ಅದನ್ನೇ ಕಾರಣವೆಂದು ತಿಳಿಯಬೇಡಿ. ಗಣಕ ಸರಿಯಾಗಿ ಆರದೆ ಮತ್ತೆ ಹೊತ್ತಿತು ಎಂದಷ್ಟೇ ಅದರ ಅರ್ಥ. ಮರಣಪತ್ರದಲ್ಲಿ "ಉಸಿರು ನಿಂತಿತು" ಎಂದು ಬರೆದಂತೆ.

ಐದನೆಯದಾಗಿ, ಆರಿಸಿ ಹೊತ್ತಿಸಿದೆ, ಆದರೂ ಸರಿಹೋಗಲಿಲ್ಲ ಎನ್ನುವವರಿಗೆ ಒಂದು ಮಾತು. ೨೦೧೨ರಿಂದೀಚೆಗೆ ವಿಂಡೋಸಿನಲ್ಲಿ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಟಿದೆ. ಅದು ಚಾಲನೆಯಲ್ಲಿರುವಾಗ ಶಟ್ ಡೌನ್ ಎಂದು ಆರಿಸಿದರೂ ವ್ಯವಸ್ಥೆಯ ತಿರುಳನ್ನು ಬರೆದಿಟ್ಟುಕೊಂಡು ಮುಂದಿನ ಸಲ ಅದನ್ನೇ ಓದಿಕೊಳ್ಳುತ್ತದೆ. ಹಳೆಯ ದೋಷವೂ ಅದರೊಡನೆ ಮರಳಿ ಬಂದೀತು. ರೀಸ್ಟಾರ್ಟ್ ಎಂದು ಒತ್ತಿದರೆ ಮಾತ್ರ ಎಲ್ಲ ಹೊಸದಾಗಿ ಆರಂಭ. ಆರಿಸುವುದಕ್ಕಿಂತ ಮರುಹೊತ್ತಿಸುವುದು ಹೆಚ್ಚು ಶುದ್ಧಿ ಎಂಬುದು ಕೇಳಲು ವಿಚಿತ್ರ, ಆದರೆ ನಿಜ.

ಇಷ್ಟಾದ ಮೇಲೂ ನಿಲ್ಲದಿದ್ದರೆ ನೆನಪಿನ ಚಿಪ್ಪನ್ನೇ ಪರೀಕ್ಷಿಸುವ ಮೆಮೊರಿ ಡಯಾಗ್ನಾಸ್ಟಿಕ್ ಎಂಬ ಸಾಧನ ವಿಂಡೋಸಿನಲ್ಲೇ ಇದೆ. ಅದು ದೋಷ ತೋರಿಸಿದರೆ ದುರಸ್ತಿಯವರಲ್ಲಿಗೆ ಒಯ್ಯುವುದೇ ಸರಿ. ಇನ್ನೂ ವಿಂಡೋಸ್ ಹತ್ತನ್ನೇ ಇಟ್ಟುಕೊಂಡವರು ಒಂದನ್ನು ತಿಳಿದಿರಲಿ: ಅದಕ್ಕೆ ಸಾಮಾನ್ಯವಾಗಿ ಸಲ್ಲುತ್ತಿದ್ದ ಉಚಿತ ಬೆಂಬಲ ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು. ಹಲಗೆ ಹೊಸ ಆವೃತ್ತಿಯನ್ನು ಹೊರಬಲ್ಲುದೇ ಎಂದು ವಿಚಾರಿಸುವುದು ಒಳ್ಳೆಯದು.

ಆಂಡ್ರಾಯ್ಡ್ ಹಲಗೆಗಳಿಗೂ ಈ ತರ್ಕವೇ. ಅನೇಕ ಮಾದರಿಗಳಲ್ಲಿ ಪವರ್ ಆಫ್ ಎಂಬ ಪದವನ್ನು ಬೆರಳಿಂದ ಒತ್ತಿ ಹಿಡಿದರೆ ಸೇಫ್ ಮೋಡ್ ಎಂಬ ಸ್ಥಿತಿ ಸಿಗುತ್ತದೆ. ಅದರಲ್ಲಿ ನೀವು ಸೇರಿಸಿದ ಆ್ಯಪುಗಳೆಲ್ಲ ಸುಮ್ಮನಿರುತ್ತವೆ. ಆ ಸ್ಥಿತಿಯಲ್ಲಿ ಹಲಗೆ ಸರಿಯಾಗಿ ಮಲಗಿ ಎದ್ದರೆ ದೋಷ ಯಾವುದೋ ಆ್ಯಪಿನದು. ಇತ್ತೀಚೆಗೆ ಸೇರಿಸಿದುದರಿಂದ ಆರಂಭಿಸಿ ಒಂದೊಂದಾಗಿ ತೆಗೆದು ನೋಡಿ.

ಒಂದು ಎಚ್ಚರಿಕೆಯನ್ನು ಮಾತ್ರ ತಡಮಾಡದೆ ಪಾಲಿಸಿ. ಹಲಗೆಯ ಬೆನ್ನು ಉಬ್ಬಿದ್ದರೆ, ಗಾಜು ಅಂಚಿನಲ್ಲಿ ಎದ್ದಿದ್ದರೆ, ಅದು ಬ್ಯಾಟರಿ ಊದಿಕೊಂಡ ಗುರುತು. ಆಗ ಯಾವ ಪರೀಕ್ಷೆಯೂ ಬೇಡ. ಚಾರ್ಜಿಗೆ ಹಾಕಬೇಡಿ, ಒತ್ತಬೇಡಿ, ಚುಚ್ಚಬೇಡಿ. ಮಕ್ಕಳ ಕೈಗೆ ಸಿಗದಂತೆ ಇಟ್ಟು ತಿಳಿದವರಿಗೆ ಒಪ್ಪಿಸಿ. ಬೆಂಕಿಯ ಅಪಾಯವಿದೆ.

ಇನ್ನು ಆ ಹುಡುಗಿಯ ಮಾತು. ಗದರಿದ್ದು ತರಗತಿಯ ಎದುರಿಗಾದ್ದರಿಂದ ಕ್ಷಮೆಯನ್ನೂ ತರಗತಿಯ ಎದುರಿಗೇ ಕೇಳಿದೆ. ನೋಟ್‌ಬುಕ್ಕನ್ನು ಎತ್ತಿ ಹಿಡಿದು, ನಮ್ಮ ಹಲಗೆಗಳನ್ನು ಸರಿಪಡಿಸಿದ್ದು ಇದು, ಬರೆದವಳು ಇವಳು ಎಂದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಆದರೆ ಕಳೆದ ಎರಡು ಪುಟ ಮರಳಿ ಬರಲಿಲ್ಲ. ಅವಳು ಪ್ರಬಂಧವನ್ನು ಮತ್ತೆ ಬರೆದು ಮುಗಿಸುವ ಹೊತ್ತಿಗೆ ಸ್ಪರ್ಧೆಯ ದಿನ ಕಳೆದುಹೋಗಿತ್ತು. ಆ ನಷ್ಟವನ್ನು ತುಂಬಿಕೊಡುವ ಗುಂಡಿ ಯಾವ ಯಂತ್ರದಲ್ಲೂ ಇಲ್ಲ. ಈಗ ಆ ಹಲಗೆ ಮತ್ತೆ ಹಳೆಯ ಸೀರೆಯ ಚೀಲದಲ್ಲಿ ಅವಳೊಡನೆ ಹೋಗಿ ಬರುತ್ತಿದೆ. ಬೀರುವಿನ ಬಾಗಿಲ ಒಳಮೈಗೆ ನಾನೊಂದು ಚೀಟಿ ಅಂಟಿಸಿದ್ದೇನೆ. ಹಲಗೆ ಬಿದ್ದರೆ ಮೊದಲು ಬಂದು ಹೇಳಿ, ಯಾರೂ ಬೈಯುವುದಿಲ್ಲ ಎಂದು ಅದರಲ್ಲಿ ಬರೆದಿದೆ. ಮಕ್ಕಳಿಗಿಂತ ಹೆಚ್ಚಾಗಿ ಅದನ್ನು ದಿನವೂ ಓದುವವನು ನಾನೇ.

ನಿಮ್ಮ ಮನೆಯಲ್ಲಿ ಹಲಗೆ ಬಿದ್ದಾಗಲೂ ಮೊದಲು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಏನಾಯಿತೆಂದು ಕೇಳಿ, ಹೇಳಿದುದನ್ನು ಬರೆದುಕೊಳ್ಳಿ. ಯಂತ್ರ ಎಚ್ಚರ ತಪ್ಪಿದ ಹೊತ್ತಿನಲ್ಲಿ ನಾವಾದರೂ ಎಚ್ಚರವಾಗಿರೋಣ.